ಹೊರಸಿನ ಕೆಳಗಿನ ಕೆಂಡ

ಪೈಪಿನ ನೀರು ಒಲೆಯ ಬಾಯಿಗೆ ಬಿದ್ದಾಗ ಬಂಡೆಮ್ಮ ಊದುಗೊಳವೆಯನ್ನು ಇನ್ನೂ ತುಟಿಯಿಂದ ತೆಗೆದಿರಲಿಲ್ಲ. ಬೂದಿ, ಹಬೆ, ಕೆಸರು ಮೂರೂ ಒಟ್ಟಿಗೆ ಎದ್ದು ಮುಖಕ್ಕೆ ಬಡಿದವು. ಮೂರು ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂತಿದ್ದ ಹಂಡೆಯ ನೀರು ಅದೇ ಆಗ ಉಗುರುಬೆಚ್ಚಗಾಗತೊಡಗಿತ್ತು.

"ಏಳಬೇ ಬೋಸುಡಿ. ಏಳು ಹೊಡದ ಮ್ಯಾಲ ಒಂದ ಒಲಿನೂ ಉರಿಬಾರ್ದಂತ ನಿನ್ನಿ ಸಂಜಿಮುಂದ ಒದರಿಲ್ಲೇನ್ ನಾ?" ಎಂದ ದ್ಯಾವಪ್ಪ ಮೇಸ್ತ್ರಿ. ಮಾತಾಡುತ್ತಲೇ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ಚೂಪು ಮಾಡಿ, ಅಳಿದುಳಿದ ಕೊಳ್ಳಿಗಳನ್ನು ಒಂದೊಂದಾಗಿ ಆರಿಸಿದ. ಕಾಂಕ್ರೀಟಿಗೆ ನೀರುಣಿಸುವ ಪೈಪು ಅದು. ಒಂಬತ್ತನೇ ಮಹಡಿಯ ಹೊಸ ಛಾವಣಿಗೆ ಹೋಗಬೇಕಾದ ನೀರು ಹೀಗೆ ಕೆಳಗಿಳಿದು ಬಂದಿತ್ತು.

"ಬಾಣಂತಿ ಎರಕೊಳ್ಳೋ ನೀರ್ರೀ ಅವು," ಎಂದಳು ಬಂಡೆಮ್ಮ ಕಣ್ಣಿನ ಬೂದಿಯನ್ನು ಸೆರಗಿನಿಂದ ಒರೆಸುತ್ತ.

"ಬಾಣಂತಿ ಇದ್ರ ಊರಾಗ ಹಡಿಬೇಕಿತ್ತು. ಗಚ್ಚಿಬೌಲಿ ಏನ್ ನಿನ್ನ ಸೊಸಿ ತವರುಮನಿಯೇನು?"

ದ್ಯಾವಪ್ಪ ಉತ್ತರಕ್ಕಾಗಿ ನಿಂತವನಲ್ಲ. ತಗಡಿನ ಶೆಡ್ಡುಗಳು ಒಟ್ಟು ಹದಿನಾಲ್ಕಿದ್ದವು. ಇನ್ನೂ ಕಟ್ಟುತ್ತಿದ್ದ ಕಟ್ಟಡಕ್ಕೂ, ಕಟ್ಟಿ ಮುಗಿದು ಜನ ತುಂಬಿದ್ದ ನಾಲ್ಕು ಟವರುಗಳ ಕಾಂಪೌಂಡ್ ಗೋಡೆಗೂ ನಡುವೆ ಒಂದು ಸಾಲಿನಲ್ಲಿ ಅವು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅವನು ಪೈಪು ಎಳೆಯುತ್ತ ಎಲ್ಲ ಒಲೆಗಳ ಮುಂದೆಯೂ ಒಂದೊಂದು ಗಳಿಗೆ ನಿಂತ. ಒಬ್ಬಳು ರೊಟ್ಟಿಯ ಹೆಂಚನ್ನು ಎತ್ತಿಕೊಳ್ಳುವಷ್ಟರಲ್ಲಿ ನೀರು ಬಿದ್ದು, ಬೇಯುತ್ತಿದ್ದ ರೊಟ್ಟಿ ಮತ್ತೆ ಹಿಟ್ಟಾಯಿತು. ಕೊನೆಯ ಒಲೆ ಆರಿದ ಮೇಲೆ ಫೋನು ತೆಗೆದು, "ಅಯಿಪೋಯಿಂದಿ ಸಾರ್," ಎಂದು ತೆಲುಗಿನಲ್ಲಿ ಕೆಲಸ ಮುಗಿದ ವರದಿ ಒಪ್ಪಿಸಿದ.

ತಿರುಗಿ ಬರುವಾಗ ಬಂಡೆಮ್ಮನ ಶೆಡ್ಡಿನ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. ಕತ್ತಲಲ್ಲಿ ಹೊರಸಿನ ಮೇಲೆ ರೇಣುಕಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಪಕ್ಕದಲ್ಲಿ ಕೂಸು. ಹುಟ್ಟಿ ಒಂಬತ್ತು ದಿನವಾಗಿತ್ತು. ದ್ಯಾವಪ್ಪನ ಒಂದು ಕಾಲು ಹೊಸ್ತಿಲ ಮೇಲಿದ್ದದ್ದು ಹಿಂದೆ ಸರಿಯಿತು. ಹಡೆದ ಮನೆಯ ಸೂತಕ ಹನ್ನೊಂದು ದಿನ. ಈ ಸಂಜೆ ಹುಣ್ಣಿಮೆ, ಕಾಮದಹನ, ಅವನು ಮಡಿಯಲ್ಲಿ ಗುಡಿಗೂ ಹೋಗುವವನಿದ್ದ. "ಒಳಗೇನೂ ಹಚ್ಚಿಲ್ಲಲ್ಲ?" ಎಂದು ಹೊರಗಿನಿಂದಲೇ ಕೇಳಿದ. ಇಲ್ಲ ಎಂದಳು ಬಂಡೆಮ್ಮ. ಅವನು ಹೋದ.

ಹೊರಸಿನ ಕೆಳಗೆ ಸಿಮೆಂಟು ಹೊರುವ ಕಬ್ಬಿಣದ ಬುಟ್ಟಿಯಿತ್ತು. ಬುಟ್ಟಿಯಲ್ಲಿ ಬೂದಿ. ಬೂದಿಯ ಕೆಳಗೆ ಬೇವಿನ ಕಟ್ಟಿಗೆಯ ಕೆಂಡ ಒಂಬತ್ತು ದಿನದಿಂದ ಆರದೆ ಕೂತಿತ್ತು. ಹಡೆದ ಹೆಂಗಸಿನ ಬೆನ್ನಿಗೆ ಕೆಳಗಿನಿಂದ ಕಾವು ಬೇಕು. ಬಂಡೆಮ್ಮನಿಗೂ ಅವಳ ಅತ್ತೆ ಹೀಗೆಯೇ ಇಟ್ಟಿದ್ದಳು. ಈ ಬೆಂಕಿ ಬಾಣಂತನ ಮುಗಿಯುವ ತನಕ ಆರಬಾರದು, ಬೇರೆ ಮನೆಗೆ ಹೋಗಲೂಬಾರದು. ಬಂಡೆಮ್ಮ ಬಗ್ಗಿ ಬೂದಿಯನ್ನು ಒಂದು ಕಡ್ಡಿಯಿಂದ ಸರಿಸಿ ನೋಡಿದಳು. ಕೆಂಪಿತ್ತು. ಮತ್ತೆ ಮುಚ್ಚಿದಳು.

ಹಂಡೆಯ ಉಗುರುಬೆಚ್ಚನೆಯ ನೀರನ್ನೇ ಸೊಸೆಯ ಕಾಲಿಗೆ ಹಾಕಿದಳು. ರೇಣುಕಾಗೆ ನಡುಕ ಹತ್ತಿತು. ಹಲ್ಲು ಕಡಿದು, "ಸಾಕತ್ತಿ," ಎಂದಳು.

*

ಒಲೆ ಯಾಕೆ ಆರಿತು ಎಂಬುದು ಹತ್ತು ಗಂಟೆಗೆ ಸೂಗಮ್ಮನಿಂದ ತಿಳಿಯಿತು. ಸೂಗಮ್ಮ ಪಕ್ಕದ ಶೆಡ್ಡಿನವಳು. ಗೋಡೆಯಾಚೆಯ ಟವರುಗಳ ಕ್ಲಬ್ ಹೌಸಿನಲ್ಲಿ ನೆಲ ಒರೆಸುವ ಕೆಲಸ ಅವಳದು. ಭಾನುವಾರದ ಮೀಟಿಂಗಿನಲ್ಲಿ ಕುರ್ಚಿಗಳ ಹಿಂದೆ ಒರೆಸುವ ಕೋಲು ಹಿಡಿದು ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಹೇಳಿದ್ದು ಹೀಗೆ.

ಆ ನಾಲ್ಕು ಟವರುಗಳಲ್ಲಿ ಕನ್ನಡ ಮಾತಾಡುವ ಮನೆಗಳು ತೊಂಬತ್ತರಷ್ಟು. ಅವರದೊಂದು ಸಂಘ. ಐದು ವರ್ಷದಿಂದ ಹುಲ್ಲುಹಾಸಿನ ಮೂಲೆಯಲ್ಲಿ ಕಾಮನನ್ನು ಸುಡುತ್ತ ಬಂದಿದ್ದರು. ಈ ಸಲ ತನ್ವಿ ಎಂಬಾಕೆ ತಕರಾರು ತೆಗೆದಳು. ಮೈಸೂರಿನ ಕಡೆಯವಳು, ಮೂರನೇ ಮಹಡಿಯವಳು, ಕಿಟಕಿ ತೆರೆದರೆ ಶೆಡ್ಡುಗಳ ಹೊಗೆ ನೇರ ಅವಳ ಮನೆಗೇ. ಅವಳ ಮಗಳು ಉಬ್ಬಸಕ್ಕೆ ಬಾಯಿಗೆ ಪಂಪು ಹೊಡೆದುಕೊಂಡು ಶಾಲೆಗೆ ಹೋಗುತ್ತಾಳೆ. ಗಾಳಿ ಎಷ್ಟು ಕೆಟ್ಟಿದೆ ಎಂದು ಅಂಕಿಯಲ್ಲಿ ತೋರಿಸುವ ಯಂತ್ರವನ್ನು ಕಾಂಪೌಂಡ್ ಗೋಡೆಯ ಮೇಲೆ ಹಾಕಿಸಿದವಳೂ ಅವಳೇ. ಊರೆಲ್ಲ ಕೆಮ್ಮುತ್ತಿರುವಾಗ ಕಟ್ಟಿಗೆ ರಾಶಿ ಹಾಕಿ ಬೆಂಕಿ ಹಚ್ಚುವುದು ಯಾವ ಹಬ್ಬ ಎಂದು ಕೇಳಿದಳಂತೆ. ತಾತ ಮುತ್ತಾತರ ಕಾಲದಿಂದ ಸುಡುತ್ತಿದ್ದೇವೆ, ಯಾರೂ ಸತ್ತಿಲ್ಲ ಎಂದರಂತೆ ಒಬ್ಬರು. ತಾತ ಮುತ್ತಾತ ಇಬ್ಬರೂ ಸತ್ತಿದ್ದಾರಲ್ಲ ಎಂದಳಂತೆ ತನ್ವಿ. ಒಂದಿಷ್ಟು ಜನ ನಕ್ಕರು. ಬೆಂಕಿಯ ವಿಡಿಯೋವನ್ನು ದೊಡ್ಡ ಪರದೆಯ ಮೇಲೆ ಹಾಕೋಣ, ಮಕ್ಕಳು ಅದರ ಸುತ್ತ ಬೊಬ್ಬೆ ಹೊಡೆಯಲಿ ಎಂದು ಇನ್ನೊಬ್ಬರು ಸೂಚಿಸಿದರು. ಪರದೆಗೆ ಸುತ್ತು ಹಾಕುವುದು ಹೇಗೆ ಎಂಬ ಪ್ರಶ್ನೆ ಬಂದು ಆ ಸೂಚನೆ ಬಿದ್ದುಹೋಯಿತು.

ಆಗ ರಾಮದಾಸರು ಎದ್ದು ನಿಂತರು. ಸುರಪುರದ ಕಡೆಯವರು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಮಗಳ ಜೊತೆ ಹನ್ನೊಂದನೇ ಮಹಡಿಯಲ್ಲಿದ್ದರು. ಲೈಟರ್‌ನಿಂದ ಹಚ್ಚಿದ ಕಾಮ ಕಾಮನೇ ಅಲ್ಲ, ಕಸ ಸುಟ್ಟಂತೆ ಎಂದರು. ತಮ್ಮೂರಲ್ಲಿ ಕಾಮನಿಗೆ ಬೆಂಕಿ ಕೇರಿಯಿಂದಲೇ ಬರಬೇಕಿತ್ತು. ಆ ಜನರ ಒಲೆಯ ಬೆಂಕಿ ಮುಟ್ಟದೆ ಕಾಮ ಹೊತ್ತುತ್ತಿರಲಿಲ್ಲ. ಅಂಥ ಸಾಮರಸ್ಯ ಆಗ ಇತ್ತು. ಒಮ್ಮೆ ಕಡ್ಡಿ ಗೀರಿ ಹಚ್ಚಿದ ವರ್ಷ ಗಾಳಿ ತಿರುಗಿ ಊರಿನ ಅರ್ಧ ಬಣವೆಗಳು ಸುಟ್ಟುಹೋದದ್ದನ್ನು ತಾವೇ ಕಣ್ಣಾರೆ ಕಂಡಿದ್ದಾಗಿ ಹೇಳಿದರು. ತನ್ವಿಗೂ ಈ ಮಾತು ಹಿಡಿಸಿತು. ಹಾಗಿದ್ದರೆ ಒಪ್ಪಬಹುದು, ಇದರಲ್ಲಿ ಒಂದು ಅರ್ಥವಿದೆ, ಆದರೆ ಯಂತ್ರದ ಅಂಕಿ ನೂರರ ಕೆಳಗಿರಬೇಕು ಎಂದಳು.

ಹೀಗಾಗಿ ಏಳು ಠರಾವು ಪಾಸಾದವು. ಮೂರನೆಯದು: ಆ ದಿನ ಬೆಳಗಿನಿಂದ ಕಾಮದಹನ ಮುಗಿಯುವವರೆಗೆ ಗೋಡೆಯಾಚೆಯ ಕಾರ್ಮಿಕರ ಒಲೆಗಳನ್ನು ಬಂದ್ ಮಾಡಿಸಿ ಗಾಳಿಯನ್ನು ಶುದ್ಧವಾಗಿಡುವುದು. ಐದನೆಯದು: ಗೋಡೆಯಾಚೆಯ ಕಾರ್ಮಿಕ ಬಂಧುಗಳ ಒಲೆಯಿಂದ ಗೌರವಪೂರ್ವಕವಾಗಿ ಬೆಂಕಿ ತರುವುದು. ಎರಡನ್ನೂ ಬರೆದದ್ದು ಒಂದೇ ಕೈ, ಒಂದೇ ಪೆನ್ನು. ಕೈ ಎತ್ತಿದವರೂ ಅವರೇ. ಎರಡನ್ನೂ ಒಟ್ಟಿಗಿಟ್ಟು ನೋಡಿದವಳು ಆ ಹಾಲಿನಲ್ಲಿ ಸೂಗಮ್ಮ ಒಬ್ಬಳೇ. ಅವಳನ್ನು ಯಾರೂ ಕೇಳಲಿಲ್ಲ. ಕುರ್ಚಿಗಳ ಕೆಳಗೆ ಇನ್ನೊಂದು ಸಲ ಒರೆಸಲು ಹೇಳಿದರು, ಅಷ್ಟೇ.

"ಯಾರ ಒಲಿಯಿಂದ ಒಯ್ತಾರಂತ?" ಎಂದಳು ಬಂಡೆಮ್ಮ.

"ನಿಂದ ಒಲಿ. ಮೇಸ್ತ್ರಿ ಕಡಿಂದ ಎಲ್ಲಾರ ಜಾತಿ ಕೇಳಿಸ್ಯಾರ. ನಾವು ಕಬ್ಬಲಿಗ್ಯಾರು, ನಮ್ಮ ಬೆಂಕಿ ನಡಿಯಂಗಿಲ್ಲಂತ. ಹದಿನಾಕ ಶೆಡ್ಡಿನಾಗ ಹೊಲೇರ ಮನಿ ನಿಂದೊಂದ ಐತಿ ನೋಡು." ಸೂಗಮ್ಮ ಇದನ್ನು ಲಾಟರಿ ಹತ್ತಿದ ಸುದ್ದಿ ಹೇಳುವಂತೆ ಹೇಳಿದಳು. ಆಮೇಲೆ ತನ್ನ ಒದ್ದೆ ಒಲೆಯ ಮುಂದೆ ಹೋಗಿ ಕೂತು, ಹಸಿ ಮೆಣಸಿನಕಾಯಿ ಕಚ್ಚಿಕೊಂಡು ನಿನ್ನೆಯ ರೊಟ್ಟಿ ತಿಂದಳು.

*

ಶಹಾಪುರದ ಕಡೆಯ ಊರಲ್ಲಿ ಈ ಬೆಂಕಿ ಬಂಡೆಮ್ಮನ ಮಾವನ ಒಲೆಯಿಂದಲೇ ಹೋಗುತ್ತಿತ್ತು. ಹಲಗೆ ಬಾರಿಸುವ ಸದ್ದು ಕೇರಿಯ ಬಾಯಿಗೆ ಬಂದು ನಿಂತ ಕೂಡಲೇ ಮಾವ ಉರಿಯುವ ಸಗಣಿಯ ಕುಳ್ಳೊಂದನ್ನು ತಂದು ನೆಲದ ಮೇಲಿಟ್ಟು ಹಿಂದಕ್ಕೆ ಸರಿಯಬೇಕು. ಅವನು ಸಾಕಷ್ಟು ದೂರ ಸರಿದ ಮೇಲೆ ಗೌಡರ ಮಂದಿ ಇಕ್ಕಳದಲ್ಲಿ ಕುಳ್ಳನ್ನು ಎತ್ತಿಕೊಂಡು ಓಡುತ್ತಿದ್ದರು. ಕಾಮ ಉರಿದ ಮೇಲೆ ಅದೇ ಬೆಂಕಿಯಲ್ಲಿ ಕಡಲೆ ಹುರಿಯುವುದು, ಅದೇ ಬೆಂಕಿಯನ್ನು ಮನೆಮನೆಗೆ ಒಯ್ದು ಒಲೆ ಹೊತ್ತಿಸುವುದು. ಮಾವನ ಬೆಂಕಿ ಊರಿನ ಎಲ್ಲ ಅಡುಗೆಮನೆಗಳ ಒಳಗೂ ಹೋಗುತ್ತಿತ್ತು. ಮಾವ ಅಂಗಳಕ್ಕೂ ಹೋಗುತ್ತಿರಲಿಲ್ಲ.

ಒಂದು ವರ್ಷ ಅವನಿಗೆ ಜ್ವರ ಬಂದು ಎರಡು ದಿನ ಒಲೆ ಹೊತ್ತಿರಲಿಲ್ಲ. ಬೆಂಕಿ ಇಲ್ಲರೀ ಎಂದು ಕೈ ಮುಗಿದ. ಬಂದವರು ಹೆಚ್ಚು ಮಾತಾಡಲಿಲ್ಲ. ಸೂರಿಗೆ ಹೊದಿಸಿದ ಜೋಳದ ಸೊಪ್ಪೆಗೆ ಕಡ್ಡಿ ಗೀರಿದರು. ಚೆನ್ನಾಗಿ ಹೊತ್ತಿದ ಮೇಲೆ ಅದರಿಂದ ಒಂದು ಕುಳ್ಳಿಗೆ ಬೆಂಕಿ ಹಿಡಿಸಿಕೊಂಡು, ಹಲಗೆ ಬಾರಿಸುತ್ತ ಹೋದರು. ಶಾಸ್ತ್ರ ತಪ್ಪಲಿಲ್ಲ. ಬಂಡೆಮ್ಮ ಆಗ ಹೊಸ ಸೊಸೆ. ಒಳಗಿನಿಂದ ಮೊದಲು ಹೊರಗೆ ತಂದದ್ದು ಹಿಟ್ಟಿನ ಗಡಿಗೆಯನ್ನು ಎಂಬುದು ಅವಳಿಗೆ ಈಗಲೂ ನೆನಪಿದೆ.

ಈ ತೆಲುಗು ನಾಡಿನ ಶಹರಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಈ ನಾಲ್ಕು ಟವರುಗಳಿಗೂ ಇಟ್ಟಿಗೆ ಹೊತ್ತವಳು ಅವಳು. ಕೆಲಸ ಮುಗಿದ ಮೇಲೆ ಗೋಡೆ ಎದ್ದಿತು. ಗೋಡೆಗೊಂದು ಸಣ್ಣ ಕಬ್ಬಿಣದ ಗೇಟು ಇಟ್ಟು ಅದಕ್ಕೆ ಬೀಗ ಹಾಕಿದರು. ಸೂಗಮ್ಮ ದಿನಾ ಮೇನ್ ರೋಡು ಸುತ್ತಿ ಕೆಲಸಕ್ಕೆ ಹೋಗುತ್ತಿದ್ದಳು. ಸಣ್ಣ ಗ್ಯಾಸ್ ಸಿಲಿಂಡರ್ ತರೋಣ ಎಂದರೆ ತಗಡಿನೊಳಗೆ ಸಿಡಿದರೆ ಯಾರು ಹೊಣೆ ಎಂದು ದ್ಯಾವಪ್ಪ ಬಿಡಲಿಲ್ಲ. ಉರುವಲಿಗೆ ಉಳಿದದ್ದು ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಹಲಗೆಯ ಚೂರು. ಅಂಟು ಮೆತ್ತಿದ ಆ ಹಲಗೆ ಸುಟ್ಟರೆ ಹೊಗೆ ಕಣ್ಣಿಗೆ ಖಾರ ಹಾಕಿದಂತೆ ಉರಿಯುತ್ತದೆ ಎಂಬುದು ಬಂಡೆಮ್ಮನಿಗೆ ಯಂತ್ರಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು, ಇಟ್ಟಿಗೆ ಎಣಿಸಿ ಕಲಿತದ್ದು. ಬೆಳಿಗ್ಗೆ ಗೋಡೆಯ ಮೇಲಿನ ಯಂತ್ರ ನೂರ ಅರವತ್ತೆರಡು ಎಂದು ಕೆಂಪಗೆ ತೋರಿಸುತ್ತಿತ್ತು. ಮಧ್ಯಾಹ್ನಕ್ಕೆ ನೂರ ಹದಿನೆಂಟಾಗಿ ಹಳದಿಯಾಯಿತು. ಹದಿನಾಲ್ಕು ಮನೆಗಳು ತಣ್ಣಗಿದ್ದವು.

ಮೂರು ಗಂಟೆಗೆ ದ್ಯಾವಪ್ಪ ಮತ್ತೆ ಬಂದ. ಈಗ ಅವನ ದನಿ ಬೇರೆಯಿತ್ತು. ಸಂಜೆ ಸಾಹೇಬರು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಒಗೆದ ಸೀರೆ ಉಟ್ಟುಕೋ, ಬೆಂಕಿ ತಯಾರು ಇಡು ಎಂದ.

"ಬೆಂಕಿ ನೀವ ಆರಿಸೀರಿ," ಎಂದಳು ಬಂಡೆಮ್ಮ.

ದ್ಯಾವಪ್ಪ ಒಲೆಯನ್ನು ನೋಡಿದ. ತಲೆ ಕೆರೆದುಕೊಂಡು ಮೇಲಿನವರಿಗೆ ಫೋನು ಹಚ್ಚಿದ. ಬಹಳ ಹೊತ್ತು ಕೇಳಿಸಿಕೊಂಡ. ಮೂರನೇ ಠರಾವಿನ ಪ್ರಕಾರ ಒಲೆ ಹಚ್ಚುವಂತಿರಲಿಲ್ಲ. ಐದನೇ ಠರಾವಿನ ಪ್ರಕಾರ ಒಲೆಯಲ್ಲಿ ಬೆಂಕಿ ಇರಬೇಕಿತ್ತು. ಫೋನು ಇಟ್ಟು, "ಸಾಹೇಬ್ರು ಬಂದು ನೋಡ್ಕೊಂತಾರಂತ," ಎಂದು ಹೊರಟುಹೋದ.

ರೇಣುಕಾಗೆ ಮೈ ಕಾದಿತ್ತು. ಬೆಳಗಿನ ಅರೆಬೆಚ್ಚನೆಯ ನೀರೇ ಕಾರಣವಿರಬೇಕು. ಬಂಡೆಮ್ಮ ಬುಟ್ಟಿಯ ಬೂದಿ ಸರಿಸಿ, ಉಳಿಸಿಟ್ಟಿದ್ದ ಎರಡು ತುಂಡು ಇದ್ದಿಲು ಸೇರಿಸಿ, ಒಂದು ಚಿಟಿಕೆ ಲೋಬಾನ ಉದುರಿಸಿದಳು. ಬಾಗಿಲನ್ನು ಅಗಲವಾಗಿ ತೆರೆದಿಟ್ಟಳು. ಇದ್ದಿಲು ಇನ್ನು ಮುಷ್ಟಿಯಷ್ಟು ಉಳಿದಿತ್ತು. ಇದು ಬೆಳಗಿನ ತನಕ ಬರಬೇಕು.

*

ಆರು ಗಂಟೆಗೆ ಗೋಡೆಯ ಸಣ್ಣ ಗೇಟು ತೆರೆಯಿತು. ಬೀಗಕ್ಕೆ ತುಕ್ಕು ಹಿಡಿದಿದ್ದರಿಂದ ಸೆಕ್ಯುರಿಟಿಯವನು ಸುತ್ತಿಗೆಯಿಂದ ಹೊಡೆದು ತೆಗೆಯಬೇಕಾಯಿತು. ಮೊದಲು ರಾಮದಾಸರು ಬಂದರು. ಜರಿಯಂಚಿನ ಧೋತರ, ಹೆಗಲ ಮೇಲೆ ಶಲ್ಯ, ಕೈಯಲ್ಲಿ ಒಂದು ಮೊಳದ ಉಕ್ಕಿನ ಇಕ್ಕಳ. ಕ್ಲಬ್ ಹೌಸಿನಲ್ಲಿ ಭಾನುವಾರ ಕೋಳಿ ಸುಡಲು ಬಳಸುತ್ತಿದ್ದದ್ದು ಅದು ಎಂದು ಸೂಗಮ್ಮ ಗುರುತು ಹಿಡಿದಳು. ಹಿಂದೆ ತನ್ವಿ ಒಂದು ಬುಟ್ಟಿ ಹಿಡಿದಿದ್ದಳು: ಸೀರೆ, ಕೊಬ್ಬರಿ ಬಟ್ಟಲು, ಡಬ್ಬಿಯಲ್ಲಿ ಹೋಳಿಗೆ. ಅವಳ ಹಿಂದೆ ಕ್ಯಾಮೆರಾ ಹಿಡಿದವನೊಬ್ಬ. ಗೋಡೆಯಾಚೆ ಧ್ವನಿವರ್ಧಕದಲ್ಲಿ ಹಲಗೆಯ ಸದ್ದು ಶುರುವಾಗಿತ್ತು.

"ಯಾವೂರವ್ವ ತಂಗಿ?" ಎಂದರು ರಾಮದಾಸರು.

"ಶಹಾಪುರ ಕಡೇರಿ."

"ನಂದು ಸುರಪುರ. ನೋಡು, ಒಂದ ನೆಲದ ಮಂದಿ ನಾವು. ಬಾ, ನಿನ್ನ ಕೈಲೆ ಕಾಮಗ ಬೆಂಕಿ ಕೊಡು."

ಬಂಡೆಮ್ಮ ಒಲೆಯನ್ನು ತೋರಿಸಿದಳು. ಮೂರು ಇಟ್ಟಿಗೆಗಳ ನಡುವೆ ಬೂದಿ ಕೆಸರಾಗಿ ಕೂತಿತ್ತು. ರಾಮದಾಸರು ಬಗ್ಗಿ ನೋಡಿ, ಇದೇನು ಎಂಬಂತೆ ದ್ಯಾವಪ್ಪನ ಕಡೆ ತಿರುಗಿದರು. ದ್ಯಾವಪ್ಪ ತನ್ವಿಯ ಕಡೆ ನೋಡಿದ. ತನ್ವಿ ಮೂರನೇ ಠರಾವನ್ನು ನೆನಪಿಸಿದಳು.

ಕೊನೆಗೆ ರಾಮದಾಸರು ದ್ಯಾವಪ್ಪನಿಂದ ಕಡ್ಡಿಪೆಟ್ಟಿಗೆ ಕೇಳಿ ಇಸಿದುಕೊಂಡರು. ಈಗಲೇ ಒಲೆ ಹೊತ್ತಿಸಿ, ಒಂದು ಕುಳ್ಳಿಗೆ ಬೆಂಕಿ ಹಿಡಿಸಿ, ಮತ್ತೆ ಆರಿಸಿಬಿಡೋಣ ಎಂದರು. ಐದು ನಿಮಿಷಕ್ಕೆ ಅಂಕಿ ಅಷ್ಟೇನೂ ಏರುವುದಿಲ್ಲ ಎಂದು ತನ್ವಿಯೂ ಒಪ್ಪಿದಳು. ದ್ಯಾವಪ್ಪ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತು ಕಡ್ಡಿ ಗೀರಲು ಹೋದ. ರಾಮದಾಸರು ಅವನ ಕೈ ಹಿಡಿದು, ನಿಂದು ಯಾವ ಮಂದಿ ಎಂದು ಕೇಳಿದರು. ದ್ಯಾವಪ್ಪ ಎದೆ ಸೆಟೆಸಿ ತನ್ನ ಜಾತಿ ಹೇಳಿದ. ನಡೆಯೋದಿಲ್ಲ, ಸರಿ ಅತ್ತ ಎಂದರು ರಾಮದಾಸರು. ತನ್ನ ಜಾತಿ ಸಾಲದಾದದ್ದು ದ್ಯಾವಪ್ಪನ ಜೀವಮಾನದಲ್ಲಿ ಅದೇ ಮೊದಲು. ಅವನು ಎದ್ದು ಪಕ್ಕದಲ್ಲಿ ನಿಂತ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ.

ಕಡ್ಡಿಪೆಟ್ಟಿಗೆ ಬಂಡೆಮ್ಮನ ಕೈಗೆ ಬಂತು. ಅವಳು ಅದನ್ನು ಇಟ್ಟಿಗೆಯ ಮೇಲಿಟ್ಟು, "ಕಟ್ಟಿಗಿ ತೊಯ್ದಾವರಿ," ಎಂದಳು.

ಆಗಲೇ ಒಳಗೆ ಕೂಸು ಸೀನಿತು. ಗಾಳಿ ಬಾಗಿಲಿನಿಂದ ಹೊರಗೆ ಬೀಸಿತು. ರಾಮದಾಸರು ಮೂಗು ಎತ್ತಿದರು. ಲೋಬಾನ, ಬೇವಿನ ಇದ್ದಿಲು. ಅರವತ್ತು ವರ್ಷದ ಹಿಂದಿನ ವಾಸನೆ ಅವರನ್ನು ಗುರುತು ಹಿಡಿದಂತೆ ಅವರ ಮುಖ ಅರಳಿತು. "ಒಳಗ ಐತಿ," ಎಂದರು ಮೆಲ್ಲಗೆ.

"ಸುಳ್ಳ ಬೊಗಳಿದೇನಬೇ ಮುಂಜಾನಿ?" ಎನ್ನುತ್ತ ದ್ಯಾವಪ್ಪ ಬಾಗಿಲಿಗೆ ನುಗ್ಗಿದ. ಹೊಸ್ತಿಲಿಗೆ ಬಂದು ಸೂತಕ ನೆನಪಾಗಿ ಅಲ್ಲೇ ನಿಂತ. ರಾಮದಾಸರು ಅವನನ್ನು ಗದರಿದರು. ಬಾಣಂತಿಯ ಬೆಂಕಿ, ಅದಕ್ಕಿಂತ ಒಳ್ಳೆಯದು ಯಾವುದಿದೆ ಎಂದರು. ಆಮೇಲೆ ಬಾಗಿಲಿನಿಂದ ನಾಲ್ಕು ಹೆಜ್ಜೆ ಈಚೆಗೆ ನೆಲವನ್ನು ಇಕ್ಕಳದ ತುದಿಯಿಂದ ಗೆರೆ ಎಳೆದು ಗುರುತು ಮಾಡಿದರು.

"ಇಲ್ಲಿ ತಂದಿಡವ್ವ. ನಾ ಎತ್ತಿಕೊಂತೀನಿ."

ಬಂಡೆಮ್ಮ ಗೆರೆಯನ್ನು ನೋಡಿದಳು. ಇಕ್ಕಳ ನೋಡಿದಳು. "ಒಳಗ ಬರ್ರಿ," ಎಂದಳು. "ಹೊರಸಿನ ಕೆಳಗ ಐತಿ. ಬೇಕಾದಷ್ಟ ನೀವ ತಗೋರಿ."

ರಾಮದಾಸರು ಹೊಸ್ತಿಲನ್ನು ನೋಡಿದರು. ಕ್ಯಾಮೆರಾದವನು ಅವರನ್ನು ನೋಡುತ್ತಿದ್ದ. ಹಾಗಲ್ಲ, ಪದ್ಧತಿ ಇರುವುದು ಹೊರಗೆ ತಂದಿಡುವುದು, ತಮ್ಮದೇನೂ ಅಭ್ಯಂತರವಿಲ್ಲ, ಆದರೆ ಪದ್ಧತಿ ಎಂದರೆ ಪದ್ಧತಿ ಎಂದು ವಿವರಿಸಿದರು.

ತನ್ವಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಯಾರೂ ತಡೆಯಲಿಲ್ಲ. ಕತ್ತಲಿಗೆ ಕಣ್ಣು ಹೊಂದಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹೊರಸಿನ ಮೇಲೆ ತನಗಿಂತ ಹತ್ತು ವರ್ಷ ಚಿಕ್ಕವಳು ಜ್ವರದ ಕಣ್ಣು ಬಿಟ್ಟು ನೋಡುತ್ತಿದ್ದಳು. ತನ್ವಿ ಕೂಸಿನ ಪಾದ ಮುಟ್ಟಿದಳು, ಬಗ್ಗಿ ಕೆಂಡದ ಬುಟ್ಟಿ ನೋಡಿದಳು, ಕೆಮ್ಮಿದಳು. ಹೊರಗೆ ಬಂದವಳೇ ಬಂಡೆಮ್ಮನ ಎದುರು ನಿಂತಳು.

"ಅಮ್ಮ, ಇಷ್ಟು ಚಿಕ್ಕ ಜಾಗದಲ್ಲಿ ಕೆಂಡ ಇಡಬಾರದು. ಮಗು ಉಸಿರು ಕಟ್ಟಿ ಸತ್ತೇಹೋಗುತ್ತೆ. ಡಾಕ್ಟ್ರು ಹೇಳ್ಲಿಲ್ವಾ?"

"ಹೇಳ್ಯಾರ. ಬಾಗಿಲ ತಗದಿಟ್ಟೀನಿ."

"ನಮ್ಮನೇಲಿ ಹೀಟರ್ ಇದೆ. ಈಗಲೇ ಕಳಿಸ್ತೀನಿ."

ಹೇಳಿದ ಮೇಲೆ ತನ್ವಿ ತಿರುಗಿ ಶೆಡ್ಡಿನೊಳಗೆ ಇಣುಕಿದಳು. ಒಂದು ವೈರು ಮೇಲಿನಿಂದ ಇಳಿದಿತ್ತು, ಅದರ ತುದಿಯಲ್ಲಿ ಒಂದು ಬಲ್ಬಿತ್ತು. ಪ್ಲಗ್ ಹಾಕುವ ಜಾಗ ಎಲ್ಲೂ ಇರಲಿಲ್ಲ. ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು.

ಅಷ್ಟರಲ್ಲಿ ಬಂಡೆಮ್ಮನ ಮಗ ಹುಲಗೇಶ ಒಂಬತ್ತನೇ ಮಹಡಿಯಿಂದ ಇಳಿದು ಬಂದ. ದಿನವಿಡೀ ಕಬ್ಬಿಣದ ಸರಳು ಬಗ್ಗಿಸಿ ಅವನ ಅಂಗೈ ಕೆಂಪು ತುಕ್ಕಾಗಿತ್ತು. ಯಾರೋ ವಿಷಯ ಹೇಳಿದರು. ಅವನು ಹೆಂಡತಿಯನ್ನು ಒಮ್ಮೆ ನೋಡಿ ಬಂದು, "ಒಂದ ಕೆಂಡ ಅಲ್ಲೇನಬೇ ಯವ್ವ, ಕೊಟ್ಟ ಬಿಡು. ಹೋಗ್ಲಿ ಅವ್ರು," ಎಂದ. ಬಂಡೆಮ್ಮ ಅವನ ಕಡೆ ತಿರುಗಲಿಲ್ಲ. ಹೊಸ್ತಿಲ ಮೇಲೆ, ಎರಡೂ ಮೊಣಕಾಲು ಬಾಗಿಲ ಚೌಕಟ್ಟಿಗೆ ತಾಗುವಂತೆ ಕೂತಳು.

ಗೋಡೆಯಾಚೆ ಮಕ್ಕಳು ಬೊಬ್ಬೆ ಹೊಡೆಯತೊಡಗಿದರು. ನೂರಾರು ಜನ ಸೇರಿದ್ದರು. ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ ಚೀಲಗಳಲ್ಲಿ ಮನೆಬಾಗಿಲಿಗೆ ತರಿಸಿದ ಕುಳ್ಳುಗಳನ್ನು ಒಂದೊಂದಾಗಿ ಬಿಚ್ಚಿ ಕಾಮನ ಸುತ್ತ ಜೋಡಿಸಿದ್ದಾರೆ ಎಂದು ಸೂಗಮ್ಮ ಹೇಳಿದ್ದಳು. ಮೊದಲು ಒಬ್ಬರು, ಆಮೇಲೆ ಇಬ್ಬರು ಗೇಟಿನಿಂದ ಇಣುಕಿ, ಎಷ್ಟು ಹೊತ್ತು ಎಂದು ಕೇಳಿ ಹೋದರು. ಲೈಟರ್ ತರಲೇ ಎಂದು ಕ್ಯಾಮೆರಾದವನು ಮೆಲ್ಲಗೆ ಕೇಳಿದ. ರಾಮದಾಸರು ಅವನನ್ನು ಸುಟ್ಟುಬಿಡುವಂತೆ ನೋಡಿದರು.

ರಾಮದಾಸರು ತನ್ವಿ ತಂದಿದ್ದ ಸೀರೆಯ ಬುಟ್ಟಿಯನ್ನು ಗೆರೆಯ ಈಚೆಗೆ ಇಟ್ಟರು. ಸೀರೆ ಇಳಕಲ್‌ದು, ತಮ್ಮ ಹೆಂಡತಿ ಉಡದೆ ಇಟ್ಟಿದ್ದದ್ದು ಎಂದರು. ಬಂಡೆಮ್ಮ ನೋಡಲಿಲ್ಲ. ಸಣ್ಣ ಗೇಟನ್ನು ನಾಳೆಯಿಂದ ತೆರೆದಿಡಿಸುತ್ತೇನೆ ಎಂದರು. ಆಗಲೂ ನೋಡಲಿಲ್ಲ. ಆಗ ತನ್ವಿಯೇ ಮುಂದೆ ಬಂದಳು. ಬಾಣಂತನ ಮುಗಿಯುವವರೆಗೆ, ಅಂದರೆ ಇನ್ನೂ ಒಂದು ತಿಂಗಳು, ಈ ಮನೆಯ ಒಲೆಯನ್ನು ಯಾರೂ ಮುಟ್ಟದ ಹಾಗೆ ಸಂಘದಿಂದ ಬರೆಸಿಕೊಡುತ್ತೇನೆ, ಸೀಲು ಹಾಕಿ, ಇವತ್ತೇ ಎಂದಳು. ಹೇಳುವಾಗ ಅವಳ ದನಿಯಲ್ಲಿ ನಿಜವಾದ ಕಾಳಜಿಯಿತ್ತು.

ಬಂಡೆಮ್ಮ ತಲೆ ಎತ್ತಿದಳು. ಒಳಗೆ ರೇಣುಕಾ ಹೊರಳಿದ ಸದ್ದಾಯಿತು. ಒಂದು ತಿಂಗಳು ಎಂದರೆ ದಿನಾ ಬಿಸಿನೀರು. ಎಲ್ಲರೂ ಅವಳ ಬಾಯಿ ನೋಡಿದರು.

"ಸೂಗವ್ವನ ಒಲಿ?" ಎಂದಳು.

ಸದ್ಯಕ್ಕೆ ಈ ಒಂದು ಮನೆ ಎಂದಳು ತನ್ವಿ. ಎಲ್ಲರಿಗೂ ಬಿಟ್ಟರೆ ಯಂತ್ರ ಕೆಂಪಾಗುತ್ತದೆ, ತನ್ನ ಮಗಳಿಗೆ ಉಸಿರು ಹತ್ತುತ್ತದೆ. ಉಳಿದದ್ದನ್ನು ಮುಂದಿನ ಮೀಟಿಂಗಿನಲ್ಲಿ ಇಡಬಹುದು.

ದ್ಯಾವಪ್ಪ ಬಂಡೆಮ್ಮನ ಕಿವಿಗೆ ಬಗ್ಗಿದ. ಇಷ್ಟು ಹೊತ್ತು ಬೇಡವಾಗಿದ್ದ ಅವನಿಗೆ ಈಗ ಒಂದು ಕೆಲಸ ಸಿಕ್ಕಿತ್ತು. "ತಗಡ ನಂದು ಐತಿ, ನೆಪ್ಪಿರ್ಲಿ. ಹತ್ತು ಬೋಲ್ಟ್ ಬಿಚ್ಚಿದ್ರ ನಿನ್ನ ಬಾಣಂತಿ ಬಯಲಾಗ. ದೊಡ್ಡ ಮಂದಿ ಕೈ ಒಡ್ಡ್ಯಾರ, ಮಾರಿ ನೋಡಿ ಕೊಡು."

ಬಂಡೆಮ್ಮ ತಗಡಿನ ಸೂರನ್ನು ಒಮ್ಮೆ ನೋಡಿದಳು. ಸೊಪ್ಪೆಯಲ್ಲ, ಹೊತ್ತುವುದಿಲ್ಲ. ಬಿಚ್ಚಬಹುದು. ಹಿಟ್ಟಿನ ಡಬ್ಬಿ ಬಾಗಿಲ ಹತ್ತಿರವೇ ಇತ್ತು.

ಕಟ್ಟುತ್ತಿದ್ದ ಕಟ್ಟಡದ ಕಂಬಗಳ ಸಂದಿಯಿಂದ ಹುಣ್ಣಿಮೆಯ ಚಂದ್ರ ಮೇಲೆದ್ದ. ಗೋಡೆಯ ಮೇಲಿನ ಯಂತ್ರ ತೊಂಬತ್ತೊಂದು ಎಂದು ತೋರಿಸುತ್ತಿತ್ತು, ಹಸಿರು. ಕಾಮನನ್ನು ಸುಡಲು ಗಾಳಿ ತಕ್ಕಷ್ಟು ಶುದ್ಧವಾಗಿತ್ತು. ರಾಮದಾಸರು ಗೆರೆಯ ತನಕ ಬಂದು, ಮಂಡಿ ನೋವಿನಿಂದ ನಿಧಾನವಾಗಿ ಕೂತರು. ಇಕ್ಕಳದ ಬಾಯಿ ತೆರೆದು ಮುಂದೆ ಚಾಚಿದರು.

"ಯವ್ವಾ," ಎಂದರು, "ಸೀರಿ ತಗೋ, ಬರದ ಕಾಗದ ತಗೋ, ಏನ್ ಬೇಕು ಅದು ತಗೋ. ಒಂದ ಕೆಂಡ ಇಲ್ಲಿಡು."

"ಒಲ್ಲೆರಿ," ಎಂದಳು ಬಂಡೆಮ್ಮ.